ಅಲಾಯಿ ಕುಣಿ ಬಿಟ್ಟು ಹಾಸಿದ ಕಣ

ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಅವಧಿಗೆ ಮೊದಲೇ ನೌಕರಿ ಬಿಟ್ಟು, ಹುಣಸಗಿ ರಸ್ತೆಯಲ್ಲಿರುವ ಗಂಡನ ಊರಿಗೆ ಬಂದು ನೆಲೆಸಿದೆ. ಮರುವರ್ಷವೇ ಅಲ್ಲಿನ ರೈತರ ಸಂಘಕ್ಕೆ ನನ್ನನ್ನು ಅಧ್ಯಕ್ಷೆಯನ್ನಾಗಿ ಮಾಡಿದರು. ನನ್ನ ಯೋಗ್ಯತೆಯನ್ನು ಕಂಡು ಮಾಡಿದರೆಂದು ಹೇಳಲಾರೆ. ಅದು ಸಂಬಳವಿಲ್ಲದ ಕೆಲಸ. ಯಾದಗಿರಿಯ ಕಚೇರಿಗೆ ಓಡಾಡುವ ಬಸ್ಸಿನ ಖರ್ಚೂ ನಮ್ಮದೇ. ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಕಾರ್ಯದರ್ಶಿಗಳು ಎದ್ದು ನಿಂತು, "ಅಕ್ಕೋರಿಗೆ ಈಗ ಸಾಲಿನೂ ಇಲ್ಲ, ಬಡೀಲಿಕ್ಕ ಹುಡುಗರೂ ಇಲ್ಲ. ನಮ್ಮನ್ನರ ಬಡೀಲಿ ಬಿಡ್ರಿ" ಎಂದರು. ಎಲ್ಲರೂ ನಕ್ಕರು. ಆ ನಗುವನ್ನೇ ಅವಿರೋಧ ಆಯ್ಕೆಯೆಂದು ನಡಾವಳಿಯಲ್ಲಿ ಬರೆದರು.

ಮೊದಲ ಸಭೆಗಳನ್ನು ನಾನು ಭಾನುವಾರ ಕರೆದೆ. ಬಿಡುವಿನ ದಿನವೆಂದರೆ ಭಾನುವಾರವೆಂಬುದು ನನ್ನ ಮೈಗೆ ಅಂಟಿದ ರೂಢಿ. ಎರಡು ಸಲವೂ ನಿರ್ದೇಶಕರಲ್ಲಿ ಅರ್ಧದಷ್ಟು ಜನರೂ ಬರಲಿಲ್ಲ. ನಮ್ಮ ಸಮಿತಿಯಲ್ಲಿ ನನ್ನನ್ನು ಬಿಟ್ಟರೆ ಇದ್ದ ಒಬ್ಬಳೇ ಹೆಣ್ಣುಮಗಳು ಹೊರಡುವಾಗ ಮೆಲ್ಲನೆ ಹೇಳಿದಳು: "ಅಕ್ಕೋರ, ಐತಾರ ನಿಮಗ ರಜಾರಿ. ಊರಾಗಿನ ಎತ್ತಿಗೆ ಸ್ವಾಮಾರ ರಜಾ." ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲವಾದ್ದರಿಂದ ಗಂಡಸರೆಲ್ಲ ಅಂದು ಊರಲ್ಲೇ ಇರುತ್ತಾರೆ. ಸಭೆಯನ್ನು ಸೋಮವಾರಕ್ಕೆ ಬದಲಿಸಿದ ಮೇಲೆ ಶಾಲೆಯ ಕೋಣೆಯಲ್ಲಿ ಕೂರಲು ಜಾಗ ಸಾಲದಾಯಿತು.

ಕಾಲುವೆ ಬಂದ ಮೇಲೆ ನಮ್ಮ ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಆದರೆ ಯಂತ್ರ ಕೊಯ್ದುಕೊಟ್ಟ ಹಸಿ ಭತ್ತವನ್ನು ಒಣಗಿಸಲು ಊರಿನಲ್ಲಿ ಜಾಗವಿರಲಿಲ್ಲ. ದೊಡ್ಡ ಹಿಡುವಳಿಯವರು ತಮ್ಮ ಮನೆಯ ಮಾಳಿಗೆ, ಅಂಗಳಗಳಲ್ಲಿ ಹರವುತ್ತಿದ್ದರು. ಉಳಿದವರಿಗೆ ಡಾಂಬರು ರಸ್ತೆಯೇ ಕಣ. ಆ ಹೆಣ್ಣುಮಗಳದೂ ಅದೇ ಪಾಡು. ವರ್ಷವಿಡೀ ಇತರರ ಗದ್ದೆಯಲ್ಲಿ ನಾಟಿ, ಕಳೆ ಎಂದು ಕೂಲಿ ಮಾಡುತ್ತಿದ್ದ ಆಕೆ ಹಿಂದಿನ ವರ್ಷ ಮೊದಲ ಬಾರಿಗೆ ಸ್ವಲ್ಪ ಗದ್ದೆಯನ್ನು ಪಾಲಿಗೆ ಹಿಡಿದಿದ್ದಳು. ಆ ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರವಿದ್ದ ಆಕೆಯ ಭತ್ತ ಅಕಾಲದ ಮಳೆಗೆ ತೊಯ್ದು, ರಾಶಿಯಲ್ಲಿಯೇ ಮೊಳಕೆಯೊಡೆದಿತ್ತು.

"ಈ ಸುಗ್ಗಿಗೂ ಕಣ ಆಗಲಿಲ್ಲಂದ್ರ ನಾ ಪಾಲು ಬಿಡ್ತೀನ್ರಿ" ಎಂದು ಆಕೆ ಸಭೆಯಲ್ಲಿ ಹೇಳಿದಳು. "ಒಮ್ಮಿ ಬಿಟ್ರ ಮತ್ತ ನಮ್ಮಂಥಾರಿಗೆ ಯಾರು ಹೊಲಾ ಕೊಡ್ತಾರ? ತಿರುಗಿ ಕೂಲಿನೇ."

ಎಲ್ಲರಿಗೂ ಬಳಕೆಯಾಗುವ ಸಿಮೆಂಟಿನ ಕಣಕ್ಕಾಗಿ ನಾವು ಅರ್ಜಿ ಹಾಕಿದೆವು. ಹಲವು ಸಲ ಯಾದಗಿರಿಗೆ ಹೋಗಿ ಬಂದ ಮೇಲೆ ಮಂಜೂರಾತಿಯೂ ದೊರೆಯಿತು. ಊರಿಗೆ ಸೇರಿದ ಸಮತಟ್ಟಾದ ನೆಲವೆಂದರೆ ಅಲಾಯಿ ಬಯಲೊಂದೇ. ಅಲ್ಲಿಯೇ ಆಗಲೆಂದು ಠರಾವು ಮಂಡಿಸಿದೆ. "ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳಿದೆ. "ಹ್ಞೂಂ" ಎಂದು ಇಡೀ ಕೋಣೆ ಒಂದೇ ದನಿಯಲ್ಲಿ ಉತ್ತರಿಸಿತು. ತರಗತಿಯಲ್ಲಿ ಪಾಠ ಮುಗಿಸಿ "ಅರ್ಥವಾಯಿತೇ?" ಎಂದು ಕೇಳಿದಾಗಲೂ ಇಂಥದೇ ಉತ್ತರ ಬರುತ್ತಿತ್ತು; ಆ ಉತ್ತರದ ಬೆಲೆಯೇನೆಂಬುದು ಪರೀಕ್ಷೆಯ ದಿನವೇ ತಿಳಿಯುತ್ತಿತ್ತು.

ಇಲ್ಲಿ ಪರೀಕ್ಷೆ ಬಂದದ್ದು ಸುಣ್ಣದ ಗೆರೆಯ ರೂಪದಲ್ಲಿ. ಮೈಸೂರು ಕಡೆಯವರಾದ ಇಂಜಿನಿಯರರು ಒಂದು ಬೆಳಿಗ್ಗೆ ಬಂದು, ಟೇಪು ಹಿಡಿದು ಅಳೆದು, ಬಯಲಿನ ನಟ್ಟನಡುವೆ ಅಂದವಾದ ಒಂದು ಆಯತವನ್ನು ಎಳೆಸಿದರು. ಗೆರೆ ಮುಗಿಯುವಷ್ಟರಲ್ಲಿ ಅರ್ಧ ಊರು ಸೇರಿತ್ತು. ನಮ್ಮ ನಿರ್ದೇಶಕರಲ್ಲೆಲ್ಲ ಹಿರಿಯರಾದ, ಊರೇ ಮುತ್ಯಾ ಎಂದು ಕರೆಯುವ ಅಜ್ಜ ಆಯತದೊಳಗೆ ಹೋಗಿ, ನೆಲಕ್ಕೆ ಕೋಲೂರಿ ನಿಂತುಬಿಟ್ಟರು.

ಅವರು ನಿಂತದ್ದು ಅಲಾಯಿ ಕುಣಿಯ ಮೇಲೆ. ಮೊಹರಮ್ಮಿನಲ್ಲಿ ಪಂಜಾಗಳ ರೂಪದಲ್ಲಿ ದೇವರು ಕೂತಾಗ ಬೆಂಕಿ ಹಾಕುವ ಗುಂಡಿಯದು. ಊರಿನ ಬಹುತೇಕ ಮನೆಗಳವರು ಅದರ ಸುತ್ತ ಹೆಜ್ಜೆ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಮಣ್ಣು ಮುಚ್ಚುವುದರಿಂದ ಹೊರಗಿನವರ ಕಣ್ಣಿಗೆ ಅದು ಬರಿಯ ನೆಲ. ವರ್ಷವರ್ಷವೂ ಅದಕ್ಕೆ ಮೊದಲ ಗುದ್ದಲಿ ಹಾಕುವ ಹಕ್ಕು ಮುತ್ಯಾನ ಮನೆತನದ್ದು.

"ಇಲ್ಲಿ ಸಿಮೆಂಟ್ ಬಿದ್ರ ನಾ ಗುದ್ದಲಿ ಎಲ್ಲಿ ಹಾಕ್ಲಿ?" ಎಂದರು ಮುತ್ಯಾ.

"ಠರಾವು ಆಗ್ಯಾದಲ್ಲ ಮುತ್ಯಾ, ನೀನೂ ಸಹಿ ಹಾಕೀದಿ" ಎಂದರು ಕಾರ್ಯದರ್ಶಿಗಳು.

"ಬಯಲಿಗೆ ಹಾಕೀನಿ. ಕುಣಿಗಿ ಹಾಕಿಲ್ಲ. ಕುಣಿ ಬಿಟ್ಟು ಮಾಡ್ತಾರ ಅಂತ ಯಾರರ ಬಾಯಿ ಬಿಟ್ಟು ಹೇಳಬೇಕೇನು?"

ಅವರ ಮಾತು ಸುಳ್ಳಾಗಿರಲಿಲ್ಲ. ಕುಣಿಯನ್ನು ಬಿಟ್ಟೇ ಕಣ ಹಾಸುತ್ತಾರೆಂಬುದು ಊರವರಿಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಯಾರೂ ಹೇಳಿರಲಿಲ್ಲ. ಹೇಳದಿದ್ದದ್ದು ಇಂಜಿನಿಯರರಿಗೆ ತಿಳಿಯಲು ಸಾಧ್ಯವಿರಲಿಲ್ಲ.

"ಕುಣಿ ಆ ಕಡಿ ಬೇಲಿ ಸನೇಕ ಸರಸೂಣು ತಗಿ" ಎಂದು ಕಾರ್ಯದರ್ಶಿಗಳು ಒಂದು ದಾರಿ ಹುಡುಕಿದರು.

"ದೇವರಿಗೆ ಟ್ರಾನ್ಸ್‌ಫರ್ ಆರ್ಡರ್ ಕೊಡಸ್ತಿ ಏನು? ಬೆಂಗಳೂರಿಗೆ ಹೋಗಿ ತರ್ತಿ, ಇಲ್ಲಾ ಯಾದಗಿರಿಯಾಗೇ ಆಗ್ತದ?"

ಸುತ್ತ ನಿಂತವರು ನಕ್ಕರು. ಇಂಜಿನಿಯರರು ನಗಲಿಲ್ಲ. "ಮೇಡಂ, ಜಾಗವನ್ನೇ ಬದಲಾಯಿಸುವುದಾದರೆ ಎಲ್ಲ ಕಾಗದವೂ ಮೊದಲಿಂದ ಆಗಬೇಕು. ಈ ಸುಗ್ಗಿಗೆ ಖಂಡಿತ ಆಗಲ್ಲ. ಅಷ್ಟರಲ್ಲಿ ಇದು ಬೇರೆ ಊರಿಗೆ ಹೋದರೂ ಹೋಗಬಹುದು" ಎಂದರು.

ಕಾರ್ಯದರ್ಶಿಗಳು ನನ್ನನ್ನು ಬದಿಗೆ ಕರೆದರು. "ಅಕ್ಕೋರ, ಮುತ್ಯಾ ಒಬ್ಬನೇ ಅದಾನ. ಬಹುಮತ ನಮ್ಮದದ. ಇಲ್ಲೇ ಕೈ ಎತ್ತಸ್ರಿ, ಮುಗೀತು." ನಿಯಮದ ಪ್ರಕಾರ ಅವರ ಮಾತು ಸರಿಯಾಗಿತ್ತು, ನಾನೋ ನಿಯಮವನ್ನು ನೆಚ್ಚಿ ಬದುಕಿದವಳು. ಕೈ ಎತ್ತಿಸುವ ಮುನ್ನ ಆ ಹೆಣ್ಣುಮಗಳ ಕಡೆ ನೋಡಿದೆ. ಎಲ್ಲರ ನೋಟವೂ ಅಲ್ಲಿಯೇ ಇತ್ತು. ಕಣ ಇಲ್ಲದಿದ್ದರೆ ಪಾಲು ಕಳೆದುಕೊಳ್ಳುವವಳು ಆಕೆ. ಅಲ್ಲದೆ ಆಕೆಯ ಮನೆಯವರು ಬೌದ್ಧರು. ಅಲಾಯಿ ಕುಣಿತಕ್ಕೆ ಬರುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಆಕೆ ಕಾರ್ಯದರ್ಶಿಗಳ ಪಕ್ಷಕ್ಕೇ ಸೇರುತ್ತಾಳೆಂದು ಎಲ್ಲರೂ ತಿಳಿದಿದ್ದರು.

"ಕೈ ಎತ್ತಸಬ್ಯಾಡ್ರಿ ಅಕ್ಕೋರ" ಎಂದಳು ಆಕೆ. "ಕುಣಿ ಮುಚ್ಚಿ ಕಣ ಮಾಡಿದ್ರ ಅದರ ಮ್ಯಾಲ ಒಬ್ರೂ ನೆಲ್ಲು ಹರವಂಗಿಲ್ಲ. ನಾ ಒಬ್ಬಾಕೇ ಹರವಿ, ನಾಳಿ ಊರಾಗ ಯಾರಿಗರ ಜ್ವರ ಬಂದ್ರ ಅದಕ್ಕೂ ನಾನೇ ಹೊಣಿ ಆಗ್ಲೇನು?"

ಬಹುಮತದಿಂದ ಕಣವನ್ನು ಕಟ್ಟಿಸಬಹುದಾಗಿತ್ತು. ಅದರ ಮೇಲೆ ಭತ್ತ ಹರವಿಸಲು ಆಗುತ್ತಿರಲಿಲ್ಲ. ನಾನು ಇಂಜಿನಿಯರರ ಕಡೆಗೆ ತಿರುಗಿದೆ.

"ಸರ್, ಜಾಗ ಬದಲಾಗುವುದು ಬೇಡ, ಅಳತೆಯೂ ಕಡಿಮೆಯಾಗುವುದು ಬೇಡ. ಒಂದೇ ಹಾಸಿನ ಬದಲು ಎರಡು ಹಾಸು ಮಾಡಿ, ನಡುವೆ ಕುಣಿಗೂ ಕುಣಿಯುವವರಿಗೂ ಜಾಗ ಬಿಟ್ಟರೆ?"

ಅವರು ಮೇಲಧಿಕಾರಿಗೆ ಫೋನು ಹಚ್ಚಿದರು. ನೆಟ್‌ವರ್ಕ್ ಸಿಗಲಿಲ್ಲವೆಂದು ಕಾಲುವೆಯ ಏರಿಯ ಮೇಲೆ ಹತ್ತಿ ನಿಂತು ಬಹಳ ಹೊತ್ತು ಮಾತಾಡಿದರು. ಅಷ್ಟು ಜನರೂ ಕೆಳಗೆ ನಿಂತು ಅವರ ಕೈಯಾಡುವುದನ್ನೇ ನೋಡುತ್ತಿದ್ದೆವು. ಇಳಿದು ಬಂದವರು, "ಎರಡು ಹಾಸು ಮಾಡಬಹುದಂತೆ. ಆದರೆ ನಡುವೆ ಅಷ್ಟು ಬಿಟ್ಟರೆ ಎರಡನೆಯದು ಅಲ್ಲಿಯವರೆಗೆ ಹೋಗುತ್ತೆ" ಎಂದು ಬಯಲಿನ ಅಂಚಿನತ್ತ ಕೈ ತೋರಿಸಿದರು.

ಅಲ್ಲಿ ಒಂದು ದೊಡ್ಡ ಬಣವೆ ಇತ್ತು. ನೆಲ ಊರಿನದು, ಮೇವು ಮುತ್ಯಾನದು. ತಂದೆಯ ಕಾಲದಿಂದ ಅವರ ಬಣವೆ ಅಲ್ಲಿಯೇ ಬೀಳುತ್ತಿದ್ದುದರಿಂದ ಅದು ಅವರ ಸ್ವಂತ ಜಾಗವೆಂಬಂತಾಗಿತ್ತು.

ಕಾರ್ಯದರ್ಶಿಗಳು ಏನೋ ಹೇಳಹೊರಟರು. ನಾನು ಕೈಸನ್ನೆಯಿಂದ ತಡೆದೆ. ಆ ಹೆಣ್ಣುಮಗಳು ಸುಣ್ಣದ ಗೆರೆಯನ್ನು ದಾಟಿ ಮುತ್ಯಾನ ಎದುರಿಗೆ ಹೋಗಿ ನಿಂತಳು.

"ಮುತ್ಯಾ, ದೇವರಿಗೆ ಜಾಗಾ ನಾವು ಬಿಟ್ಟೀವಿ. ನಮಗ ಜಾಗಾ ನೀ ಬಿಡು."

"ಅಷ್ಟು ಮೇವು ಎಲ್ಲಿ ಒಗೀಲವ್ವಾ?"

"ನಿನ್ನ ಹಿತ್ತಲದಾಗ ಜಾಲಿ ಬೆಳ್ಸೀದಿ. ಅದನ್ನ ಕಡಿ. ನಮ್ಮ ಮನಿಯವ್ರು ಕೊಡ್ಲಿ ತರ್ತಾರ."

"ಕಡೀತಾರಂತ! ನಿನ್ನ ಗಂಡಗ ಬೆಳಗಾದ್ರ ಎಬ್ಬಸಲಿಕ್ಕ ಒಬ್ಬರು ಬೇಕು."

"ಎಬ್ಬಸ್ತೀನಿ. ನೀ ಬಿಡ್ತಿಯೋ ಇಲ್ಲೋ, ಅದನ್ನ ಹೇಳು."

ಮುತ್ಯಾ ನಗುವನ್ನು ಮೀಸೆಯೊಳಗೇ ತಡೆದುಕೊಂಡು, ಬಣವೆಯನ್ನೊಮ್ಮೆ, ಕಾಲಡಿಯ ನೆಲವನ್ನೊಮ್ಮೆ ನೋಡಿದರು. ಆಮೇಲೆ ಇಂಜಿನಿಯರರಿಗೆ, "ಸಾಹೇಬ್ರ, ಗೆರಿ ಅಳಸ್ರಿ. ಹೊಸಾದು ಹಾಕೂ ಮುಂದ ನನ್ನ ಕರೀರಿ" ಎಂದು ಹೇಳಿ ಆಯತದಿಂದ ಹೊರಗೆ ಬಂದರು. ಆ ವಾರದೊಳಗೆ ಜಾಲಿ ಕಡಿದರು, ಮೇವು ಹೊರಟಿತು. ಎರಡು ಹಾಸುಗಳೂ ಬಿದ್ದವು. ಸಿಮೆಂಟಿಗೆ ನೀರುಣಿಸುವ ಕೆಲಸವನ್ನು ಮುತ್ಯಾ ಯಾರಿಗೂ ಬಿಟ್ಟುಕೊಡದೆ, ತಪ್ಪಿದವರನ್ನು ಬೈಯುತ್ತ ತಾವೇ ಮಾಡಿಸಿದರು.

ಸುಗ್ಗಿಯಲ್ಲಿ ಪಾಳಿಯ ಜಗಳಗಳು ನಡೆದವು. ಜಗಳವಾಡಲು ಒಂದು ಕಣ ಇತ್ತೆಂಬುದೇ ನನಗೆ ಸಮಾಧಾನ. ತನ್ನ ಪಾಳಿ ಬಂದಾಗ ಆ ಹೆಣ್ಣುಮಗಳು ದಿನವಿಡೀ ಬರಿಗಾಲಲ್ಲಿ ಭತ್ತದೊಳಗೆ ನಡೆಯುತ್ತ, ಪಾದಗಳಿಂದ ಗೆರೆಗೆರೆಯಾಗಿ ತಿರುವುತ್ತಿದ್ದಳು. ಸುರಪುರದಿಂದ ಬಂದ ವ್ಯಾಪಾರಿ ಒಂದು ಕಾಳನ್ನು ಹಲ್ಲಿಗಿಟ್ಟು ಕಡಿದು ನೋಡಿ, ಹಸಿಯೆಂದು ದರ ಇಳಿಸುವ ಮಾತನ್ನೇ ಎತ್ತದೆ ಚೀಲ ತುಂಬಿಸತೊಡಗಿದ.

ಚೀಲಗಳ ಬಾಯಿ ಹೊಲಿಯುವುದು ಮುಗಿದ ಮೇಲೆ ಆಕೆ ನನ್ನ ಬಳಿಗೆ ಬಂದಳು.

"ಬರೂ ಸಭಾಕ್ಕ ನಂದು ತಡಾ ಆಗ್ತದ್ರಿ ಅಕ್ಕೋರ. ಹೊಲದ ಮಾಲಕರ ಮನಿಗಿ ಹೊಂಟೀನಿ."

"ಪಾಲು ಬಿಡುವ ಮಾತಲ್ಲ ತಾನೇ?"

"ಯಾಕ ಬಿಡ್ಲಿ? ಬಾಜೂಕ ಇನ್ನೊಂದು ತುಂಡು ಅದ. ಅದನ್ನೂ ಕೇಳ್ತೀನಿ."

ತಡವಾಗಿ ಬಂದರೂ ನಡೆಯುತ್ತದೆ ಎಂದು ಹೇಳಿದೆ. ಶಾಲೆಯ ವರ್ಷಗಳನ್ನೂ ಸೇರಿಸಿದರೆ, ಆ ಮಾತನ್ನು ನಾನು ಒಬ್ಬರಿಗೆ ಹೇಳಿದ್ದು ಬಹುಶಃ ಅದೇ ಮೊದಲು.