ತಿಮಿಂಗಿಲದ ಹಾಗೆ ಮುಳುಗಿದ ಆಪಾ

ಹಲಸೂರಿನ ಈಜುಕೊಳದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಹೆಂಗಸರ ಹೊತ್ತು. ಈಜು ಕಲಿಯುವುದೇನೋ ಇತ್ತು, ಆದರೆ ಕೊನೆಗೆ ನಡೆಯುವ ಪಂದ್ಯ ಇಲ್ಲದಿದ್ದರೆ ಅರ್ಧ ಜನ ಬರುತ್ತಿರಲಿಲ್ಲ. ಎಲ್ಲರೂ ಕೊಳದಂಚಿನ ಕಂಬಿ ಹಿಡಿದು ಒಟ್ಟಿಗೆ ಮುಳುಗಬೇಕು. ಮೊದಲು ತಲೆ ಎತ್ತಿದವರು ಮರುದಿನ ಎಲ್ಲರಿಗೂ ತಿಂಡಿ ತರಬೇಕು.

ದಿನವೂ ತರುತ್ತಿದ್ದವರು ನಾವೆಲ್ಲ ಆಪಾ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು. ಶಿವಾಜಿನಗರದಲ್ಲಿ ಗುಂಡಿ, ಲೇಸು ಮಾರುವ ಅಂಗಡಿ ಅವರದು. ಐವತ್ತು ದಾಟಿದ ಮೇಲೆ, ಮೈತುಂಬ ಮುಚ್ಚುವ ಈಜುಡುಗೆ ಹೊಲಿಸಿಕೊಂಡು ನೀರಿಗಿಳಿದವರು. ಅವರ ಸಮೋಸಾ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಅವರು ಗೆಲ್ಲುವುದು ನಮಗ್ಯಾರಿಗೂ ಬೇಕಿರಲಿಲ್ಲ.

ಒಂದು ದಿನ ಕಾಲು ಬಡಿಯುತ್ತ ಗೊಣಗಿದರು: "ನೆಲದ್ ಮೇಲೆ ಹುಟ್ಟಿದವ್ರಿಗೆ ಯಾಕ್ರೀ ಈ ನೀರಿನ್ ಸಹವಾಸ?"

ನಾನು ಪ್ರಾಣಿಶಾಸ್ತ್ರ ಓದಿ, ಕಲ್ಯಾಣ ನಗರದಲ್ಲಿ ಸಂಜೆ ಮಕ್ಕಳಿಗೆ ಪಾಠ ಹೇಳುವವಳು. ಬಾಯಿ ಸುಮ್ಮನಿರಲಿಲ್ಲ. "ತಿಮಿಂಗಿಲಾನೂ ನೆಲದ್ದೇ, ಆಪಾ."

"ಬಂಡಲ್ ಬಿಡ್ಬೇಡ್ರಿ, ಟೀಚರಮ್ಮ."

ಹೇಳಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ, ನಮ್ಮ ಉಪಖಂಡದ ಕಡೆಯೇ, ಗೊರಸಿನ ಪುಟ್ಟ ಪ್ರಾಣಿಗಳು ಬೆದರಿದಾಗಲೆಲ್ಲ ನೀರಿಗಿಳಿದಿರಬೇಕು. ತಲೆಮಾರುಗಳು ಕಳೆದಂತೆ ಅವುಗಳ ಸಂತತಿಯಲ್ಲಿ ಮುಂಗಾಲು ಈಜುರೆಕ್ಕೆಯಾಯಿತು, ಹಿಂಗಾಲು ಕುಗ್ಗಿ ಮೈಯೊಳಗೆ ಚೂರು ಮೂಳೆಯಾಗಿ ಉಳಿಯಿತು, ಮೂಗು ನೆತ್ತಿಗೇರಿತು. ಮೀನು ಬಾಲವನ್ನು ಅತ್ತಿತ್ತ ಬೀಸುತ್ತದೆ. ತಿಮಿಂಗಿಲ ಮೇಲೆ ಕೆಳಗೆ ಬಡಿಯುತ್ತದೆ, ಏಕೆಂದರೆ ಅದರ ಬೆನ್ನು ಇನ್ನೂ ನೆಲದ ಮೇಲೆ ಓಡಿದ ಬೆನ್ನು.

"ಅಂದ್ರೆ ಕುರಿ ಮನೆತನ!"

"ನೀರಾನೆ ಇನ್ನೂ ಹತ್ರದ ನೆಂಟ."

"ನೀರಾನೆ ಅನ್ನುವಾಗ ನನ್ನ ಯಾಕ್ರೀ ನೋಡ್ತೀರ? ಸರಿ, ಅಷ್ಟ್ ಹೊತ್ತು ಉಸಿರು ಹೆಂಗ್ ಹಿಡಿಯುತ್ತೆ ಅದು?"

"ಮುಳುಗೋ ಮುಂಚೆ ಮೇಲೇ ಇದ್ದು ನಾಕಾರು ಸಲ ಚೆನ್ನಾಗಿ ಉಸಿರಾಡುತ್ತೆ. ಆಮೇಲೆ ಒಂದೇ ಸಲ ಒಳಗೆ."

ಅಷ್ಟರಲ್ಲಿ ಈಜು ಕಲಿಸುವ ಅಕ್ಕ ಸೀಟಿ ಊದಿದರು. ಪಾಠ ಅಲ್ಲಿಗೇ ನಿಂತಿತು, ಪಂದ್ಯ ಶುರುವಾಯಿತು.

ಆಪಾ ಕುಲುಮೆಯ ತಿದಿಯ ಹಾಗೆ ದಬದಬನೆ ಇಪ್ಪತ್ತು ಸಲ ಉಸಿರೆಳೆದು ಬಿಟ್ಟು ಮುಳುಗಿದರು. ಅಂದು ಮೊದಲು ತಲೆ ಎತ್ತಿದವಳು ನಾನು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಆಪಾ ಇನ್ನೂ ಒಳಗೇ. ಖುಷಿಯಾಗಿ ಚಪ್ಪಾಳೆ ತಟ್ಟುತ್ತ ಎಣಿಸತೊಡಗಿದೆವು. ಐವತ್ತೆಂಟಕ್ಕೆ ಅವರ ಕೈ ಕಂಬಿಯಿಂದ ಜಾರಿತು. ನಾನು ನೋಡಿದೆ. ನೋಡಿಯೂ ಐವತ್ತೊಂಬತ್ತು ಅಂದೆ. ಅರವತ್ತೂ ಅಂದೆ.

"ಎಣಿಸೋದ್ ನಿಲ್ಸ್ರೀ!" ಎಂದು ಅಕ್ಕ ಬಟ್ಟೆ ಸಮೇತ ಹಾರಿದರು.

ಮೇಲೆ ತಂದಾಗ ಆಪಾ ಅವರ ತುಟಿ ನೀಲಿಯಾಗಿತ್ತು. ಅಕ್ಕ ಎರಡು ಸಲ ಬಾಯಿಗೆ ಬಾಯಿಟ್ಟು ಉಸಿರೂದಿದರು. ಮೂರನೆಯದಕ್ಕೆ ಮುಂಚೆ ಆಪಾ ಕೆಮ್ಮಿದರು. ಅಂಥ ಚೆಂದದ ಕೆಮ್ಮು ನಾನು ಕೇಳಿಲ್ಲ.

"ಹಂಗ್ ದಬದಬ ಉಸಿರಾಡಿ ಮುಳುಗಿದ್ರೆ ಗಾಳಿ ಬೇಕು ಅಂತ ಮೈಗೇ ಗೊತ್ತಾಗಲ್ಲ. ಹಂಗೇ ಎಚ್ಚರ ತಪ್ಪುತ್ತೆ. ಯಾರು ಹೇಳ್ಕೊಟ್ಟಿದ್ದು?" ಅಕ್ಕ ಗದರಿದರು. ನಾನು ಶಾಲೆಯ ಮಗುವಿನ ಹಾಗೆ ಕೈ ಎತ್ತಿದೆ.

ನಾನು ಹೇಳದೆ ಉಳಿಸಿದ್ದ ಅರ್ಧ ಪಾಠ ಇದು: ತಿಮಿಂಗಿಲ ಪ್ರಾಣವಾಯುವನ್ನು ರಕ್ತದಲ್ಲಿ, ಮಾಂಸಖಂಡದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅಂಥ ಮೈ ಪಡೆಯಲು ಅದರ ಕುಲಕ್ಕೆ ಕೋಟ್ಯಂತರ ವರ್ಷ ಹಿಡಿಯಿತು. ಆಪಾಗೆ ನಾನು ಕೊಟ್ಟದ್ದು ಎರಡು ನಿಮಿಷ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡು ಮನೆಗೆ ಕಳಿಸಿದರು. ನಾನು ಮಾತ್ರ ಇಂದಿಗೂ ರಸ್ತೆಯ ಸಿಗ್ನಲ್ಲಿನ ಕೆಂಪು ಅಂಕಿ ಐವತ್ತೆಂಟಕ್ಕೆ ಬಂದರೆ ಮುಖ ತಿರುಗಿಸುತ್ತೇನೆ.

ವಾರದ ನಂತರ ಆಪಾ ಬಂದರು. ಅಕ್ಕ ಪಂದ್ಯವನ್ನೇ ನಿಲ್ಲಿಸಿದ್ದರು. "ಮೊದ್ಲು ಎದ್ದಿದ್ದು ನೀವಲ್ವಾ? ತಿಂಡಿ ಎಲ್ಲಿ?" ಎಂದು ಆಪಾ ನನ್ನ ಚೀಲಕ್ಕೇ ಕೈ ಹಾಕಿದರು. ನಿಪ್ಪಟ್ಟು ತಂದಿದ್ದೆ. "ಗಟ್ಟಿ" ಎಂದು ಮೂರು ತಿಂದರು.

ಪಾಠ ಶುರುವಾದಾಗ ಅವರು ಕಂಬಿ ಹಿಡಿದು ಮುಖವನ್ನಷ್ಟೇ ನೀರಿಗೆ ಅದ್ದಿದರು. ನಾನು ಎರಡರವರೆಗೆ ಎಣಿಸಿರಬೇಕು.

"ಆಪಾ!"

ಮೂಗಿನಿಂದ ನೀರು ಸುರಿಸುತ್ತ ತಲೆ ಎತ್ತಿದರು. "ಇದೀನ್ರೀ, ಟೀಚರಮ್ಮ. ಒಂದ್ಸಲ ಮುಖ ತೊಳ್ಕೊಳಕ್ಕಾದ್ರೂ ಬಿಡ್ರಿ."