ಪೋರೂರಿನಾಚೆಯ ಗ್ರಾಮಸಭೆ

ಮೈಸೂರಿನಿಂದ ಬಂದಿಳಿದ ನನ್ನನ್ನು ಅಕ್ಕ ಇವತ್ತು ಗ್ರಾಮಸಭೆಗೆ ಕರೆದೊಯ್ದಳು. ಚೆನ್ನೈ ಅಂಚಿನ ಪೋರೂರಿನಾಚೆಯ ಈ ಪಂಚಾಯಿತಿಯಲ್ಲಿ ಅವಳು ಹೊಸದಾಗಿ ಮನೆ ಮಾಡಿದ್ದಾಳೆ. ಶಾಲೆಯಂಗಳದಲ್ಲಿ ಸಭೆ. ಊರಿನ ಕಸವನ್ನು ಕೆರೆದಂಡೆಯಲ್ಲಿ ಸುರಿಯುವ ಠರಾವನ್ನು ಗುಮಾಸ್ತರು ಓದಿದರು. ಮುಂದೆ ಕೂತ ಗಂಡಸರು ಕೈಯೆತ್ತಿದರು, ಹಿಂದಿದ್ದ ಹೆಂಗಸರು ಸುಮ್ಮನಿದ್ದರು.

"ಎಲ್ಲರೂ ಒಪ್ಪಿದ ಹಾಗಾಯಿತು," ಎಂದರು ಗುಮಾಸ್ತರು.

ಮೊನ್ನೆಯ ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷೆ ಅವರನ್ನು ತಡೆದು, ಕುರ್ಚಿ ಬಿಟ್ಟು ಬಂದು ಹೆಂಗಸರ ನಡುವೆ ನೆಲದ ಮೇಲೆ ಕೂತರು. "ನೀವಿನ್ನೂ ಏನೂ ಹೇಳಲಿಲ್ಲವಲ್ಲಮ್ಮಾ?" ಎಂದು ತಮಿಳಿನಲ್ಲಿ ಕೇಳಿದರು.

ನಾಲ್ಕು ಜನರೆದುರು ಬಾಯಿ ಬಿಡದ ನಮ್ಮಕ್ಕ ಎದ್ದು ನಿಂತಳು! "ನಮ್ಮ ಬಾವಿಗೆ ನೀರು ಬರೋದೇ ಆ ಕೆರೆಯಿಂದ. ಅಲ್ಲಿ ಕಸ ಬೇಡ, ವೇಂಡಾಂ," ಎಂದಳು, ಅರ್ಧ ಕನ್ನಡ, ಅರ್ಧ ತಮಿಳು. ಯಾರೂ ನಗಲಿಲ್ಲ. ಪಕ್ಕದಾಕೆಯೂ "ವೇಂಡಾಂ" ಎಂದಳು, ಆಮೇಲೆ ಹಿಂದಿನವರೆಲ್ಲ ಅದನ್ನೇ ಅಂದರು. ಮುಂದೆಯೂ ಕೆಲವರು ಎತ್ತಿದ್ದ ಕೈ ಇಳಿಸಿದರು.

"ಹಾಗಾದರೆ ಇದು ಪಾಸಾಗಲಿಲ್ಲ," ಎಂದರು ಅಧ್ಯಕ್ಷೆ. "ಬನ್ನಿ, ಬೇರೆ ಜಾಗ ನೋಡೋಣ."

ಬಿಸಿಲಲ್ಲೇ ಎಲ್ಲರೂ ಹೊರಟರು. ಜೊತೆಗೆ ನಾನೊಬ್ಬಳಿದ್ದೇನೆ ಅನ್ನುವುದನ್ನೇ ಮರೆತ ಅಕ್ಕ, ದೂರದ ಬಯಲೊಂದನ್ನು ಅಧ್ಯಕ್ಷೆಗೆ ಕೈಚಾಚಿ ತೋರಿಸುತ್ತ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು.