ಸಾರಿನ ಮೇಲಿನ ಆರೋಪ

“ಹೆಂಡತಿಯ ಕೈಯ ಸಾರಿನ ಖಾರವೇ ಇವನ ಹೊಟ್ಟೆಯನ್ನು ತಿಂದುಹಾಕಿದ್ದು.” ನಮ್ಮ ಮನೆತನದಲ್ಲಿ ನನ್ನ ಹೊಟ್ಟೆಹುಣ್ಣಿನ ಚರಿತ್ರೆ ಇಷ್ಟೇ, ಮೊದಲು ಹೇಳಿದವಳು ನನ್ನ ಅಕ್ಕ, ಅನುಮೋದಿಸಿದವರು ಉಳಿದವರೆಲ್ಲ. ದೂರದ ಚಳಿದೇಶದ ಮೋಲ್ನ್‌ಡಾಲ್ ಊರಿನಲ್ಲಿ, ನಾವೀಗ ಇರುವ ಮಗಳ ಮನೆಯ ಅಡುಗೆಕೋಣೆಯ ಕಿಟಕಿಯ ಪಕ್ಕ, ಶುಂಠಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದೆ. ಅದನ್ನು ಕಂಡಾಗಲೆಲ್ಲ ಆ ವಾಕ್ಯ ನೆನಪಾಗಿ, ಮಿತ್ರರೇ, ನಾನು ಕೂತಲ್ಲಿ ಕೂರಲಾರದವನಾಗುತ್ತೇನೆ.

ಯೌವನದಲ್ಲಿ ಊರಿನ ಡಾಕ್ಟರು ನನ್ನ ಹೊಟ್ಟೆಯನ್ನು ಕೊಯ್ದು, ಆಮ್ಲ ಉಕ್ಕಿಸುವ ನರವನ್ನು ಕತ್ತರಿಸಿ, ಜಠರದ ಒಂದು ಭಾಗವನ್ನೂ ತೆಗೆದು, ಚಿಂತೆ ಬಿಡು, ಖಾರ ಬಿಡು ಎಂದು ಮನೆಗೆ ಕಳಿಸಿದರು. ನಾನು ಚಿಂತೆ ಬಿಡಲಿಲ್ಲ. ನನ್ನ ಹೆಂಡತಿ ಪದ್ಮಾ ಮಾತ್ರ ಅಂದಿನಿಂದ ನನ್ನ ಸಾರನ್ನು ಬೇರೆ ಪಾತ್ರೆಯಲ್ಲಿ, ಮೆಣಸಿನಕಾಯಿಯ ಸೋಂಕಿಲ್ಲದೆ ಮಾಡತೊಡಗಿದಳು. ಅವಳ ಸಾರನ್ನೇ ಮತ್ತೆ ಮತ್ತೆ ಬಡಿಸಿಕೊಳ್ಳುತ್ತಿದ್ದ ಅಕ್ಕನಿಗೆ ಒಂದು ತೇಗಿನ ತೊಂದರೆಯೂ ಏಕಿಲ್ಲ ಎಂದು ನಾನು ಕೇಳಿದ್ದುಂಟು. ಹೆಂಡತಿಯ ವಕೀಲ ಬಂದ ಎಂದು ನಕ್ಕರು.

ಹೋದ ಚಳಿಗಾಲ ನೋವು ಮರಳಿತು, ಅದೂ ಖಾರವನ್ನೇ ಮರೆತ ಹೊಟ್ಟೆಗೆ. ಇಲ್ಲಿಯ ವೈದ್ಯೆ ಬಾಯಿಯಿಂದ ಕೊಳವೆ ಇಳಿಸಿ ನೋಡಿ, ಜಠರದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ಔಷಧ ಸಂಶೋಧನೆಯಲ್ಲಿರುವ ಮಗಳು ಫಲಿತಾಂಶವನ್ನು ಬಿಡಿಸಿ ಹೇಳಿದಳು: ಜಠರದ ಲೋಳೆಯಲ್ಲಿ ಮನೆಮಾಡಿದ ಒಂದು ಬ್ಯಾಕ್ಟೀರಿಯಾ, ಬಹುಶಃ ಬಾಲ್ಯದಲ್ಲೇ, ಅಂದರೆ ಅಮ್ಮ ನಿನ್ನ ಬದುಕಿಗೆ ಬರುವ ಎಷ್ಟೋ ಮೊದಲೇ ಸೇರಿಕೊಂಡದ್ದು. ಮಂಡಿನೋವಿಗೆ ನಾನು ನುಂಗುತ್ತಿದ್ದ ಮಾತ್ರೆಗಳೂ ಕೈಜೋಡಿಸಿರಬಹುದಂತೆ. ಈಗ ಕತ್ತಿ ಬೇಕಿಲ್ಲ. ಆ್ಯಂಟಿಬಯಾಟಿಕ್‌ಗಳು, ಜೊತೆಗೆ ಆಮ್ಲ ತಗ್ಗಿಸುವ ಗುಳಿಗೆ.

ಮೊಕದ್ದಮೆ ಗೆದ್ದವನಂತೆ ನಾನು ಪದ್ಮಾಳ ಕಡೆ ತಿರುಗಿದೆ. ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಅವಳು, “ಆಗ ಹೇಳಿದ ಡಾಕ್ಟರೂ ಓದಿದವರೇ ಅಲ್ವೇನ್ರೀ?” ಎಂದಳು.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಒಂದು ಕಾಲದ ಖಚಿತ ಜ್ಞಾನ ನನ್ನ ಜಠರವನ್ನು ಕತ್ತರಿಸಿ ಅವಳ ಕೈಯನ್ನು ಕಟ್ಟಿಹಾಕಿತು. ಇಂದಿನದು ನಾಳೆ ಎಷ್ಟು ಉಳಿಯುವುದೋ ಯಾರು ಬಲ್ಲರು? ಆದರೂ ಪರೀಕ್ಷೆಗೆ ಒಡ್ಡಬಹುದಾದದ್ದನ್ನು ಒಡ್ಡಿಯೇ ನೋಡಬೇಕು. ಔಷಧ ಮುಗಿದು ಕೆಲವು ವಾರಗಳ ಮೇಲೆ, ಆ ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ತಿಳಿಯುವ ಉಸಿರಿನ ಪರೀಕ್ಷೆಗೆ ಹೋಗಿ ಕೊಳವೆಯೊಂದರೊಳಗೆ ಊದಿ ಬಂದೆ. ಬ್ಯಾಕ್ಟೀರಿಯಾ ಇಲ್ಲವೆಂದು ಉತ್ತರ ಬಂತು.

ನಿನ್ನೆ ಪದ್ಮಾ ಆ ಡಬ್ಬಿ ತೆರೆದು, ಮೆಣಸಿನಕಾಯಿ ಮುರಿದು ಒಗ್ಗರಣೆಗೆ ಹಾಕಿ, ನನಗೆ ಸಾರು ಬಡಿಸಿದಳು. ತಾನು ಉಣ್ಣದೆ ನನ್ನ ಮುಖವನ್ನೇ ನೋಡುತ್ತ ಕೂತಳು. ನನ್ನ ಕಣ್ಣಲ್ಲಿ ನೀರಾಡಿತು.

“ಇನ್ನೊಂದು ಸೌಟು ಹಾಕು” ಎಂದೆ.

ಇಂದು ಹೊಟ್ಟೆ ಸುಮ್ಮನಿದೆ. ನಂಬದವರು ಬಂದು ನೋಡಲಿ: ಹೊಟ್ಟೆಯ ಮೇಲೆ ಕತ್ತಿಯ ಗೆರೆ ಹಾಗೆಯೇ ಇದೆ, ಒಲೆಯ ಮೇಲೆ ಈಗ ಇರುವುದು ಒಂದೇ ಪಾತ್ರೆ.